ಇಳಿಜಾರಿಗೆ ತಕ್ಕ ಗಾಲಿಹಲಗೆ

ದಾವಣಗೆರೆಯ ಸೀಮೆಯಲ್ಲಿ ಬೆಳೆದವರಿಗೆ ಬೇರಿಂಗ್ ಗಾಡಿಯ ಪರಿಚಯ ಮಾಡಿಕೊಡಬೇಕಾದ ಅಗತ್ಯವಿಲ್ಲ. ಗ್ಯಾರೇಜಿನವರು ಬಿಸುಟ ಮೂರು ಹಳೆಯ ಬೇರಿಂಗುಗಳು, ಕುಳಿತುಕೊಳ್ಳಲು ಒಂದು ಹಲಗೆ, ಮುಂದೆ ಅತ್ತಿತ್ತ ತಿರುಗುವ ಒಂದು ಅಡ್ಡಮರ, ಅದರ ತುದಿಗಳಿಗೆ ಕಟ್ಟಿದ ಹಗ್ಗ. ಇಷ್ಟು ದೊರೆತರೆ ಗಾಡಿ ಸಿದ್ಧವಾಯಿತು. ಒಬ್ಬನು ಕೂರುವುದು, ಇಬ್ಬರು ನೂಕುವುದು. ಇಳಿಜಾರು ಸಿಕ್ಕಿದರೆ ನೂಕುವವರೂ ಬೇಕಿಲ್ಲ. ಉಕ್ಕಿನ ಬೇರಿಂಗುಗಳು ಟಾರು ರಸ್ತೆಯ ಮೇಲೆ ಉರುಳುವಾಗ ಏಳುತ್ತಿದ್ದ ಕರಕರ ಸದ್ದಿಗೆ ಬೀದಿಯ ಹಿರಿಯರೆಲ್ಲ ಗದರುತ್ತಿದ್ದುದು ನಮಗಿನ್ನೂ ನೆನಪಿದೆ. ಆ ಗಾಡಿಗೆ ಎಲ್ಲವೂ ಇತ್ತು. ನಿಲ್ಲಿಸುವ ಸಾಧನವೊಂದು ಮಾತ್ರ ಇರಲಿಲ್ಲ. ನಿಲ್ಲಿಸಬೇಕಾದಾಗ ಚಪ್ಪಲಿಯನ್ನು ನೆಲಕ್ಕೆ ಒತ್ತುತ್ತಿದ್ದೆವು. ಚಪ್ಪಲಿ ಸವೆದ ಮೇಲೆ ಹಿಮ್ಮಡಿಯನ್ನು.

ಈಗ ಹುಡುಗರು ಕುಳಿತು ಜಾರುವುದಿಲ್ಲ, ನಿಂತು ಜಾರುತ್ತಾರೆ. ಸ್ಕೇಟ್‌ಬೋರ್ಡ್ ಎಂಬ ನಾಲ್ಕು ಗಾಲಿಗಳ ಹಲಗೆ ನಮ್ಮ ಸಣ್ಣ ಊರುಗಳಿಗೂ ಬಂದಿದೆ. ನಾವು ಪಾಠ ಹೇಳುವ ಕಾಲೇಜಿಗೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕುಗಳಿಂದಲೂ ವಿದ್ಯಾರ್ಥಿಗಳು ಬರುತ್ತಾರೆ. ಕಳೆದ ವರ್ಷ ಚನ್ನಗಿರಿಯ ಕಡೆಯ ಒಬ್ಬ ವಿದ್ಯಾರ್ಥಿಯು ಪ್ರಯೋಗಶಾಲೆಯ ಬಾಗಿಲಲ್ಲಿ ನಿಂತು, “ಸಾರ್, ಯಾವ ಗಾಲಿ ಹಾಕಿಸಿದರೆ ಬೋರ್ಡು ಹೆಚ್ಚು ಜೋರಾಗಿ ಓಡುತ್ತದೆ?” ಎಂದು ಕೇಳಿದನು. ಪಠ್ಯದ ಹೊರಗಿನ ಪ್ರಶ್ನೆಯೊಂದು ಬಂದಿತೆಂಬ ಹಿಗ್ಗಿನಲ್ಲಿ ನಾವು ಕರಿಹಲಗೆಯ ಮುಂದೆ ಅರ್ಧ ಗಂಟೆ ನಿಂತು ಗಾಲಿಯ ವ್ಯಾಸ, ಬೇರಿಂಗಿನ ಘರ್ಷಣೆ, ಉರುಳುವಿಕೆಯ ತತ್ತ್ವ ಇವುಗಳನ್ನೆಲ್ಲ ವಿವರಿಸಿದೆವು. “ಅದು ಸರಿಯಪ್ಪಾ, ನಿಲ್ಲಿಸುವುದು ಹೇಗೆ?” ಎಂದು ನಾವು ಕೇಳಲಿಲ್ಲ, ಅವನೂ ಹೇಳಲಿಲ್ಲ. ಮೂರು ವಾರಗಳ ತರುವಾಯ ಅವನು ತರಗತಿಗೆ ಬಂದಾಗ ಬಲಗೈ ಮಣಿಕಟ್ಟು ಪ್ಲಾಸ್ಟರಿನಲ್ಲಿತ್ತು. ಊರಂಚಿನ ಹೊಸ ಬಡಾವಣೆಯ ಇಳಿಜಾರು ರಸ್ತೆಯಲ್ಲಿ ಬಿದ್ದಿದ್ದನು. ಆ ಸಲದ ಪ್ರಾಯೋಗಿಕ ಪರೀಕ್ಷೆಗೆ ಕೂರಲು ಅವನಿಗೆ ಆಗಲಿಲ್ಲ. ಓರೆಸಮತಲದ ಲೆಕ್ಕದಲ್ಲಿ ಅವನಿಗೆ ಪೂರ್ಣ ಅಂಕಗಳು ಬಂದಿದ್ದುವೆಂಬುದನ್ನು ನೆನೆದಾಗ ನಮಗೆ ನಾಚಿಕೆಯಾಯಿತು.

ಆ ದಿನ ಹೇಳದೆ ಉಳಿಸಿದ ಅರ್ಧ ಪಾಠವೇ ಈ ಲೇಖನ. ಗಾಲಿಹಲಗೆಯನ್ನು ಆರಿಸಿಕೊಳ್ಳುವಾಗ ಕೇಳತಕ್ಕ ಮೊದಲನೆಯ ಪ್ರಶ್ನೆ ಅದು ಎಷ್ಟು ಓಡೀತು ಎಂಬುದಲ್ಲ. ಅದನ್ನು ನಾವು ಎಷ್ಟರಲ್ಲಿ ನಿಲ್ಲಿಸಬಲ್ಲೆವು ಎಂಬುದು.

ಅಲೆ, ಹಿಮ, ರಸ್ತೆ

ಹಲಗೆಯ ಮೇಲೆ ನಿಂತು ಜಾರುವ ಆಟಗಳು ಮೂರು. ಮೂರೂ ಒಂದೇ ಕುಲದವು. ಹಿರಿಯದು ಅಲೆಗಳ ಮೇಲಿನ ಸವಾರಿ. ನಮ್ಮ ನಾಡಿನಲ್ಲಿಯೇ ಮೂಲ್ಕಿಯ ಕಡಲತೀರದಲ್ಲಿ ಇದನ್ನು ಕಲಿಸುವ ಸರ್ಫ್ ಕ್ಲಬ್ಬುಗಳಿವೆ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ 1950ರ ದಶಕದಲ್ಲಿ, ಅಲೆಯಿಲ್ಲದ ದಿನಗಳಲ್ಲಿ ಬೇಸರ ಕಳೆಯಲು ಹುಡುಗರು ಹಲಗೆಗೆ ಗಾಲಿಗಳನ್ನು ಬಿಗಿದು ರಸ್ತೆಗಿಳಿದರು. ಸ್ಕೇಟ್‌ಬೋರ್ಡ್ ಹುಟ್ಟಿದುದು ಹಾಗೆ. 1965ರಲ್ಲಿ ಮಿಚಿಗನ್ ಪ್ರಾಂತದ ಶೆರ್ಮನ್ ಪಾಪೆನ್ ಎಂಬುವರು ತಮ್ಮ ಹೆಣ್ಣುಮಕ್ಕಳ ಆಟಕ್ಕಾಗಿ ಹಿಮದ ಮೇಲೆ ಜಾರುವ ಎರಡು ಪಟ್ಟಿಗಳನ್ನು ಜೋಡಿಸಿಕೊಟ್ಟರು. ಅದರಿಂದ ಸ್ನೋಬೋರ್ಡ್ ಎಂಬ ಹಿಮಹಲಗೆ ಬೆಳೆದುಬಂದಿತು. ಹಿಮಹಲಗೆಯ ಆಟ 1998ರ ನಗಾನೊ ಚಳಿಗಾಲದ ಒಲಿಂಪಿಕ್ಸಿನಲ್ಲಿಯೂ, ಗಾಲಿಹಲಗೆಯ ಆಟ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸಿನಲ್ಲಿಯೂ ಮೊದಲ ಬಾರಿಗೆ ಸೇರಿದುವು. ಬೆಂಗಳೂರಿನಲ್ಲಿ ಹೋಲಿಸ್ಟೋಕ್ಡ್ ಎಂಬ ಯುವಕರ ತಂಡವು 2013ರಲ್ಲಿ ಗಾಲಿಹಲಗೆಗೆಂದೇ ಕಾಂಕ್ರೀಟಿನ ಅಂಗಳವೊಂದನ್ನು ಕಟ್ಟುವುದರಲ್ಲಿ ಕೈಗೂಡಿಸಿತು.

ಹಿಮಹಲಗೆಗೂ ಗಾಲಿಹಲಗೆಗೂ ಮುಖ್ಯವಾದ ವ್ಯತ್ಯಾಸವೊಂದುಂಟು. ಗಾಲಿಯು ತಾನು ಮುಖ ಮಾಡಿದ ದಿಕ್ಕಿನಲ್ಲಿ ಮಾತ್ರ ಉರುಳುತ್ತದೆ. ಅಡ್ಡಲಾಗಿ ಜಾರಲು ಒಪ್ಪುವುದಿಲ್ಲ. ಹಿಮಹಲಗೆಯನ್ನಾದರೋ ಇಳಿಜಾರಿಗೆ ಅಡ್ಡಲಾಗಿ ತಿರುಗಿಸಿ, ಮೇಲ್ಗಡೆಯ ಅಂಚನ್ನು ಹಿಮಕ್ಕೆ ಒತ್ತಿ, ಕೆರೆಯುತ್ತ ಕೆರೆಯುತ್ತ ನಿಧಾನವಾಗಿ ಇಳಿಯಬಹುದು. ಅಂಚೇ ಅದರ ಬ್ರೇಕು. ಹಿಮವಿಲ್ಲದ ಊರಿನ ರಸ್ತೆಯಲ್ಲಿ ಈ ಅನುಕೂಲವನ್ನು ಪಡೆಯಬೇಕೆಂದು 1990ರ ದಶಕದಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ನಗರದಲ್ಲಿ ಸ್ಟೀನ್ ಸ್ಟ್ರ್ಯಾಂಡ್ ಎಂಬ ವಿನ್ಯಾಸಕಾರರು ಆರು ಗಾಲಿಗಳ ಹಲಗೆಯೊಂದನ್ನು ರೂಪಿಸಿದರು. ಅದಕ್ಕೆ ಫ್ರೀಬೋರ್ಡ್ ಎಂದು ಹೆಸರು. ಅದರ ರಚನೆಯನ್ನು ಮುಂದೆ ನೋಡೋಣ. ಅದಕ್ಕೆ ಮೊದಲು ಇಳಿಜಾರು ನಮಗೆ ಏನು ಕೊಡುತ್ತದೆ, ನಮ್ಮಿಂದ ಏನು ಕೇಳುತ್ತದೆ ಎಂಬುದನ್ನು ತಿಳಿಯಬೇಕು.

ಎತ್ತರದ ಸಾಲ

ಎತ್ತರದಲ್ಲಿರುವ ವಸ್ತುವಿನಲ್ಲಿ ಪ್ರಚ್ಛನ್ನ ಶಕ್ತಿಯಿರುತ್ತದೆ. ಕೆಳಗಿಳಿದಂತೆ ಅದು ಚಲನ ಶಕ್ತಿಯಾಗಿ ಮಾರ್ಪಡುತ್ತದೆ. ನಮ್ಮ ವಿದ್ಯಾರ್ಥಿ ಬಿದ್ದ ರಸ್ತೆಯ ತಲೆಗೂ ಬುಡಕ್ಕೂ ಸುಮಾರು 4 ಮೀಟರುಗಳ ಎತ್ತರದ ಅಂತರವಿತ್ತು. 50 ಕಿಲೋಗ್ರಾಂ ತೂಗುವ ಹುಡುಗನು ಅಷ್ಟು ಇಳಿದರೆ ಹೊರಬೀಳುವ ಶಕ್ತಿ 50×9.8×4, ಅಂದರೆ 1960 ಜೂಲ್. ಘರ್ಷಣೆಯೇ ಇಲ್ಲವೆಂದುಕೊಂಡರೆ ಬುಡದಲ್ಲಿ ಅವನ ವೇಗ ಸೆಕೆಂಡಿಗೆ 8.9 ಮೀಟರು, ಗಂಟೆಗೆ ಸುಮಾರು 32 ಕಿಲೋಮೀಟರು. ಈ ಶಕ್ತಿಯ ಕಾಲುಭಾಗವನ್ನು ರಸ್ತೆಯೂ ಗಾಳಿಯೂ ತಿಂದುವೆಂದು ಬಿಟ್ಟರೂ ವೇಗ ಗಂಟೆಗೆ 27 ಕಿಲೋಮೀಟರಿಗಿಂತ ಕೆಳಗೆ ಬರುವುದಿಲ್ಲ. ಬಯಲಿನಲ್ಲಿ ಕಾಲಿನಿಂದ ನೂಕಿಕೊಂಡು ಹೋಗುವ ಎಳೆಯನೊಬ್ಬನು ಎಂದೂ ಕಂಡರಿಯದ ವೇಗವಿದು.

ಇಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಒಂದು: ವೇಗದ ಲೆಕ್ಕದಲ್ಲಿ ಸವಾರನ ತೂಕ ಎರಡು ಕಡೆಯೂ ಬಂದು ಹೊಡೆದುಹೋಗುತ್ತದೆ. “ನಾನು ಹಗುರ, ನನಗೆ ಭಯವಿಲ್ಲ” ಎಂಬ ಮಾತಿಗೆ ಅರ್ಥವಿಲ್ಲ. ಎರಡು: ಘರ್ಷಣೆಯನ್ನು ಬದಿಗಿಟ್ಟರೆ ರಸ್ತೆಯ ಉದ್ದವೂ ಓರೆಯೂ ಲೆಕ್ಕಕ್ಕೆ ಬರುವುದಿಲ್ಲ; ಇಳಿದ ಎತ್ತರವೊಂದೇ ಬರುತ್ತದೆ. ನೋಡಲು ಚಪ್ಪಟೆಯೆಂಬಂತೆ ತೋರುವ ನಿಡಿದಾದ ರಸ್ತೆಯೂ 4 ಮೀಟರು ಇಳಿದರೆ ಹೆಚ್ಚುಕಡಿಮೆ ಅಷ್ಟೇ ವೇಗವನ್ನು ಕೂಡಿಹಾಕಬಲ್ಲುದು. ಎತ್ತರವು ನಮಗೆ ವೇಗವನ್ನು ಸಾಲವಾಗಿ ಕೊಡುತ್ತದೆ. ಬುಡಕ್ಕೆ ಬಂದಾಗ ಆ ಸಾಲವನ್ನು ಎಲ್ಲಿಯಾದರೂ ತೀರಿಸಲೇಬೇಕು. ಚಪ್ಪಲಿಯ ತಳದಲ್ಲಿ, ಗಾಲಿಯ ಮೈಯಲ್ಲಿ, ಇಲ್ಲವೆ ನಮ್ಮ ಚರ್ಮದಲ್ಲಿ.

ಲೆಕ್ಕವನ್ನು ತಿರುಗುಮುರುಗು ಮಾಡಿದರೆ ಉಪಯುಕ್ತವಾದ ನಿಯಮವೊಂದು ದೊರೆಯುತ್ತದೆ. ಬ್ರೇಕು ಹಾಕಲು ಕಲಿಯದವನು ಹಲಗೆಯಿಂದ ಜಿಗಿದು ನಾಲ್ಕು ಹೆಜ್ಜೆ ಓಡಿ ನಿಲ್ಲಬೇಕಷ್ಟೆ. ಹೊಸಬನು ಸೆಕೆಂಡಿಗೆ 3 ಮೀಟರು ವೇಗದಲ್ಲಿ ಹಾಗೆ ಇಳಿಯಬಲ್ಲನೆಂದು ಇಟ್ಟುಕೊಳ್ಳೋಣ. ಆ ವೇಗಕ್ಕೆ ಸಮನಾದ ಎತ್ತರ ಕೇವಲ 46 ಸೆಂಟಿಮೀಟರು! ಚುರುಕಾಗಿ ಓಡಬಲ್ಲ, ಪಳಗಿದ ಹುಡುಗನು ಸೆಕೆಂಡಿಗೆ 5 ಮೀಟರಿನಲ್ಲಿ ಇಳಿಯಬಲ್ಲನೆಂದರೂ ಎತ್ತರ 1 ಮೀಟರು 28 ಸೆಂಟಿಮೀಟರನ್ನು ಮೀರುವುದಿಲ್ಲ. ಆದುದರಿಂದ ಹೊಸಬರಿಗೆ ಅರ್ಧ ಮೀಟರಿನ ಒಳಗೆ, ಪಳಗಿದವರಿಗೆ ಒಂದೂಕಾಲು ಮೀಟರಿನ ಒಳಗೆ. ಬ್ರೇಕು ಬಾರದವರಿಗೆ ಇದಕ್ಕಿಂತ ಹೆಚ್ಚಿನ ಇಳಿಜಾರು ಸಲ್ಲದು.

ಇಷ್ಟು ಸಣ್ಣ ಎತ್ತರವನ್ನು ಕಣ್ಣಳತೆಯಿಂದ ಗೊತ್ತುಮಾಡಲಾಗದು. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ, ನೀರು ತುಂಬಿದ ಪಾರದರ್ಶಕ ಪೈಪನ್ನು ಎರವಲು ತನ್ನಿ. ಒಬ್ಬನು ಒಂದು ತುದಿಯನ್ನು ಇಳಿಜಾರಿನ ಮೇಲ್ಗಡೆಯೂ, ಇನ್ನೊಬ್ಬನು ಮತ್ತೊಂದನ್ನು ಕೆಳಗಡೆಯೂ ನೆಟ್ಟಗೆ ಹಿಡಿಯಲಿ. ಎರಡು ಕಡೆಯೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಆ ಮಟ್ಟ ಎರಡು ಕಡೆಯೂ ನೆಲದಿಂದ ಎಷ್ಟು ಎತ್ತರದಲ್ಲಿದೆಯೆಂದು ಅಳೆದು ಕಳೆದರೆ ಇಳಿಜಾರಿನ ಎತ್ತರ ತಿಳಿಯುತ್ತದೆ. ಪೈಪು ಚಿಕ್ಕದಾದರೆ ತುಂಡು ತುಂಡಾಗಿ ಅಳೆದು ಕೂಡಿಸಿಕೊಳ್ಳಬಹುದು.

ಕಾಲಿನ ಬ್ರೇಕು ಸೋಲುವ ಇಳಿಜಾರು

ನಾಲ್ಕು ಗಾಲಿಗಳ ಹಲಗೆಯನ್ನು ನಿಲ್ಲಿಸುವ ಸಾಮಾನ್ಯ ಉಪಾಯವೆಂದರೆ ಒಂದು ಕಾಲನ್ನು ಹಲಗೆಯ ಮೇಲಿಟ್ಟು ಇನ್ನೊಂದರ ಅಂಗಾಲನ್ನು ನೆಲಕ್ಕೆ ಉಜ್ಜುವುದು. ಇದು ಬೇರಿಂಗ್ ಗಾಡಿಯ ಚಪ್ಪಲಿ ಬ್ರೇಕಿನ ಸಂತತಿಯೇ ಸರಿ. ಹೀಗೆ ಉಜ್ಜುವಾಗ ದೇಹದ ಭಾರವೆಲ್ಲ ಆ ಕಾಲಿನ ಮೇಲೆ ಬೀಳುವುದಿಲ್ಲ. ಬಿದ್ದರೆ ಸವಾರನು ಹಲಗೆಯಿಂದ ಕೆಳಗಿಳಿದಂತೆಯೇ ಆಯಿತು. ಆದಕಾರಣ ತಡೆಯುವ ಬಲ ದೇಹದ ತೂಕದ ಹತ್ತನೆಯ ಒಂದು ಪಾಲು ಎಂದು ಇಟ್ಟುಕೊಳ್ಳೋಣ.

ಸಮನೆಲದಲ್ಲಿ ಸೆಕೆಂಡಿಗೆ 5 ಮೀಟರು ವೇಗದಿಂದ ಬರುತ್ತಿರುವವನು ಈ ಬಲದಿಂದ ಸುಮಾರು 13 ಮೀಟರಿನಲ್ಲಿ ನಿಲ್ಲುತ್ತಾನೆ. ಈಗ ರಸ್ತೆ 20 ಮೀಟರಿಗೆ 1 ಮೀಟರಿನಂತೆ ಇಳಿಯುತ್ತಿದೆಯೆನ್ನಿ. ಗುರುತ್ವಾಕರ್ಷಣೆಯು ತೂಕದ ಇಪ್ಪತ್ತನೆಯ ಒಂದು ಪಾಲಿನಷ್ಟು ಬಲದಿಂದ ಕೆಳಕ್ಕೆ ಎಳೆಯುತ್ತಿರುತ್ತದೆ. ಬ್ರೇಕಿನ ಅರ್ಧ ಬಲ ಅದನ್ನು ಎದುರಿಸುವುದರಲ್ಲಿಯೇ ಕಳೆದು, ನಿಲ್ಲಲು ಬೇಕಾದ ದೂರ 25 ಮೀಟರಿಗೆ ಏರುತ್ತದೆ. ರಸ್ತೆ 10 ಮೀಟರಿಗೆ 1 ಮೀಟರಿನಂತೆ ಇಳಿಯುತ್ತಿದ್ದರೆ? ಎಳೆಯುವ ಬಲವೂ ತಡೆಯುವ ಬಲವೂ ಸಮನಾಗಿಬಿಡುತ್ತವೆ. ಕಾಲನ್ನು ಎಷ್ಟು ಹೊತ್ತು ಉಜ್ಜಿದರೂ ವೇಗ ಹೆಚ್ಚದು, ತಗ್ಗದು; ಅಂಗಾಲು ಮಾತ್ರ ಸವೆಯುತ್ತದೆ. ಅದಕ್ಕಿಂತ ಕಡಿದಾದ ಕಡೆ ಬ್ರೇಕು ಹಾಕುತ್ತಿದ್ದರೂ ವೇಗ ಏರುತ್ತಲೇ ಹೋಗುತ್ತದೆ.

ಇದು ವಿದ್ಯಾರ್ಥಿಗಳು ಮನಸ್ಸಿನಲ್ಲಿ ಚೆನ್ನಾಗಿ ನೆಡಬೇಕಾದ ಅಂಶ. ಇಳಿಜಾರು ಹೆಚ್ಚಿದಂತೆ ನಿಲ್ಲುವ ದೂರ ಸ್ವಲ್ಪ ಸ್ವಲ್ಪವೇ ಹೆಚ್ಚುತ್ತ ಹೋಗುವುದೆಂದು ನಾವು ಭಾವಿಸುತ್ತೇವೆ. ಹಾಗಲ್ಲ. ಒಂದು ಮಿತಿ ಬರುತ್ತಲೇ ನಿಲ್ಲುವ ದೂರವೆಂಬುದೇ ಇಲ್ಲದಂತಾಗುತ್ತದೆ. ನಿನ್ನೆ ಒಂದು ರಸ್ತೆಯಲ್ಲಿ ಸುಖವಾಗಿ ನಿಂತವನು ಇಂದು ಅದಕ್ಕಿಂತ ಕೊಂಚವೇ ಕಡಿದಾದ ರಸ್ತೆಯಲ್ಲಿ ನಿಲ್ಲಲಾರದೆ ಹೋಗುವುದು ಇದರಿಂದಲೇ. ನಮ್ಮ ವಿದ್ಯಾರ್ಥಿಗೆ ಆದದ್ದೂ ಇದೇ. ಕಾಲೇಜಿನ ಅಂಗಳದಲ್ಲಿ ಅವನ ಬ್ರೇಕು ಎಂದೂ ತಪ್ಪಿರಲಿಲ್ಲ.

ಆರು ಗಾಲಿಗಳ ಹಲಗೆ

ಫ್ರೀಬೋರ್ಡಿನ ನಾಲ್ಕು ಮೂಲೆಗಳಲ್ಲಿ ನಾಲ್ಕು ಅಂಚುಗಾಲಿಗಳಿರುತ್ತವೆ. ಅಚ್ಚುಗಳು ಸಾಮಾನ್ಯ ಹಲಗೆಯವಕ್ಕಿಂತ ಅಗಲ. ಇವಲ್ಲದೆ ನಡುಗೆರೆಯ ಮೇಲೆ ಮುಂದೊಂದು, ಹಿಂದೊಂದು ಗಾಲಿಗಳಿದ್ದು, ಅವು ಕಚೇರಿಯ ಕುರ್ಚಿಯ ಕಾಲಿನ ಗಾಲಿಗಳಂತೆ ಯಾವ ದಿಕ್ಕಿಗಾದರೂ ತಿರುಗಬಲ್ಲವು. ನಡುಗಾಲಿಗಳು ಅಂಚುಗಾಲಿಗಳಿಗಿಂತ ಸ್ವಲ್ಪ ಕೆಳಗೆ ನಿಂತಿರುವುದರಿಂದ ಹಲಗೆ ನೆಟ್ಟಗಿದ್ದಾಗ ಭಾರವೆಲ್ಲ ಅವುಗಳ ಮೇಲೆಯೇ. ಆಗ ಹಲಗೆ ಉದ್ದಕ್ಕೂ ಹೋದೀತು, ಅಡ್ಡಕ್ಕೂ ಹೋದೀತು, ಸುತ್ತಲೂ ತಿರುಗೀತು. ಸವಾರನು ಒಂದು ಕಡೆಗೆ ಭಾರ ಬಿಟ್ಟೊಡನೆ ಆ ಕಡೆಯ ಅಂಚುಗಾಲಿಗಳು ನೆಲವನ್ನು ಮುಟ್ಟುತ್ತವೆ. ಹಲಗೆಯನ್ನು ಇಳಿಜಾರಿಗೆ ಅಡ್ಡಲಾಗಿಟ್ಟು ಮೇಲ್ಗಡೆಯ ಅಂಚನ್ನು ಒತ್ತಿದರೆ ಅಂಚುಗಾಲಿಗಳು ಉರುಳದೆ ಅಡ್ಡಲಾಗಿ ಉಜ್ಜುತ್ತವೆ. ಚಲನ ಶಕ್ತಿಯು ಉಷ್ಣವಾಗುತ್ತದೆ.

ಈ ಉಜ್ಜುವಿಕೆಯಿಂದ ತೂಕದ ಹತ್ತನೆಯ ಮೂರು ಪಾಲಿನಷ್ಟು ತಡೆ ದೊರೆಯುವುದೆಂದುಕೊಂಡರೆ, 20ಕ್ಕೆ 1ರಂತೆ ಇಳಿಯುವ ರಸ್ತೆಯಲ್ಲಿ ಹಿಂದಿನ ವೇಗಕ್ಕೇ 5 ಮೀಟರಿನಲ್ಲಿ ನಿಲ್ಲಬಹುದು. ಕಾಲಿನ ಬ್ರೇಕು ಪೂರ್ತಿ ಸೋತುಹೋದ 10ಕ್ಕೆ 1ರ ರಸ್ತೆಯಲ್ಲಿಯೂ ಆರೂವರೆ ಮೀಟರು ಸಾಕು. ಎರಡು ಕಾಲುಗಳೂ ಹಲಗೆಯ ಮೇಲೆಯೇ ಇರುವುದು ಇನ್ನೊಂದು ಅನುಕೂಲ. ಪಾದಗಳನ್ನು ಹಿಡಿಯಲು ಕೊಕ್ಕೆಯಂಥ ಪಟ್ಟಿಗಳಿರುತ್ತವೆ. ಹಿಮಹಲಗೆಯಲ್ಲಿರುವಂತೆ ಅವು ಪಾದವನ್ನು ಬಿಗಿದು ಕಟ್ಟುವುದಿಲ್ಲ. ಬೇಕೆಂದಾಗ ಕಾಲನ್ನು ಹೊರಗೆಳೆದುಕೊಳ್ಳಬಹುದು.

ಹಾಗಾದರೆ ಎಲ್ಲರೂ ಇದನ್ನೇ ಕೊಳ್ಳಬಾರದೇಕೆ? ಕಾರಣವಿದೆ. ಮೇಲ್ಗಡೆಯ ಅಂಚಿಗೆ ಬದಲಾಗಿ ತಪ್ಪಿ ಕೆಳಗಡೆಯ ಅಂಚು ನೆಲಕ್ಕೆ ತಗುಲಿದರೆ, ಅಡ್ಡಲಾಗಿ ಹೋಗುತ್ತಿರುವ ಹಲಗೆ ಅಲ್ಲಿಯೇ ಕಚ್ಚಿಕೊಂಡು ನಿಲ್ಲುತ್ತದೆ. ಜಡತ್ವದಿಂದ ಮುಂದುವರಿಯುವ ಸವಾರನು ಇಳಿಜಾರಿನ ಕೆಳಕ್ಕೆ ಎಸೆಯಲ್ಪಡುತ್ತಾನೆ. ಬಸ್ಸು ತಟಕ್ಕನೆ ನಿಂತಾಗ ನಿಂತಿದ್ದ ಪ್ರಯಾಣಿಕರು ಮುಂದಕ್ಕೆ ಮುಗ್ಗರಿಸುವ ಪರಿ ಇದೇ. ಆದುದರಿಂದ ಈ ಹಲಗೆಯ ಬ್ರೇಕು ಬಲವಾದುದು, ಆದರೆ ಕಲಿಯದವನಿಗೆ ಅದು ಬ್ರೇಕಲ್ಲ, ಬಲೆ.

ನಡುಗಾಲಿಗೂ ಅಂಚುಗಾಲಿಗೂ ಇರುವ ಎತ್ತರದ ಅಂತರವನ್ನು ಕೊಳ್ಳುವವರು ವಿಚಾರಿಸಬೇಕು. ಅಂತರ 6 ಮಿಲಿಮೀಟರು, ನಡುವಿನಿಂದ ಅಂಚಿಗೆ 12 ಸೆಂಟಿಮೀಟರು ಎಂದುಕೊಂಡರೆ ಹಲಗೆ ಸುಮಾರು 3 ಡಿಗ್ರಿ ವಾಲಿದಾಗ ಅಂಚು ನೆಲವನ್ನು ಮುಟ್ಟುತ್ತದೆ. ಅಂತರ ಹೆಚ್ಚಿದರೆ ತಪ್ಪು ಅಂಚು ಕಚ್ಚುವ ಸಂಭವ ಕಡಿಮೆ, ಆದರೆ ಹಲಗೆ ತೂಗಾಡುತ್ತದೆ. ಅಂತರ ಕಡಿಮೆಯಾದರೆ ಹಲಗೆ ಕಾಲಿನ ಮಾತನ್ನು ಚುರುಕಾಗಿ ಕೇಳುತ್ತದೆ, ಆದರೆ ತಪ್ಪನ್ನು ಮನ್ನಿಸುವುದಿಲ್ಲ. ಬಳಸುತ್ತ ಬಂದಂತೆ ಅಂಚುಗಾಲಿಗಳು ಸವೆದು ಈ ಅಂತರ ತಾನಾಗಿಯೇ ಹೆಚ್ಚುತ್ತದೆ. ಆದಕಾರಣ ಆಗಾಗ್ಗೆ ಅಳೆದು ನೋಡುವುದು ಒಳ್ಳೆಯದು.

ಗಾಲಿ, ಬೇರಿಂಗು, ಹಲಗೆ

ಇನ್ನು ಬಿಡಿಭಾಗಗಳ ವಿಚಾರ. ನಮ್ಮ ವಿದ್ಯಾರ್ಥಿ ಕೇಳಿದ್ದ ಗಾಲಿಯ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ.

ಮೊದಲಿಗೆ ವ್ಯಾಸ. 5 ಮಿಲಿಮೀಟರಿನ ಒಂದು ಜಲ್ಲಿಕಲ್ಲು ಗಾಲಿಗೆ ಅಡ್ಡ ಬಂದಿತೆನ್ನಿ. 52 ಮಿಲಿಮೀಟರು ವ್ಯಾಸದ ಗಾಲಿಯನ್ನು ಅದರ ಮೇಲೆ ನಿಧಾನವಾಗಿ ಹತ್ತಿಸಲು ಗಾಲಿಯ ಮೇಲಿರುವ ಭಾರದ 0.73ರಷ್ಟು ಬಲ ಬೇಕು. 70 ಮಿಲಿಮೀಟರಿನ ಗಾಲಿಗೆ 0.60 ಸಾಕು. ಬೈಸಿಕಲ್ಲಿನ ದೊಡ್ಡ ಗಾಲಿಗೆ 0.18 ಮಾತ್ರ. ಸಣ್ಣ ಗಾಲಿಯ ಹಲಗೆ ಜಲ್ಲಿಗೆ ತಗುಲಿ ತಟಕ್ಕನೆ ನಿಂತು ಸವಾರನನ್ನು ಎಸೆಯುವುದೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಕಸರತ್ತಿನ ಆಟಕ್ಕೆ 50ರಿಂದ 54 ಮಿಲಿಮೀಟರಿನ ಗಾಲಿಗಳೂ, ದಾರಿ ಸಾಗಲು 60ರಿಂದ 75 ಮಿಲಿಮೀಟರಿನವೂ ರೂಢಿಯಲ್ಲಿವೆ. ನಮ್ಮ ಊರುಗಳ ರಸ್ತೆಗಳಿಗೆ ಎರಡನೆಯದೇ ತಕ್ಕುದು.

ಎರಡನೆಯದು ಗಡಸುತನ. ಮೊದಮೊದಲು ಗಾಲಿಗಳನ್ನು ಲೋಹದಿಂದಲೂ ಜೇಡಿಯ ಮಿಶ್ರಣದಿಂದಲೂ ಮಾಡುತ್ತಿದ್ದರು. 1970ರ ದಶಕದ ಆರಂಭದಲ್ಲಿ ಫ್ರ್ಯಾಂಕ್ ನ್ಯಾಸ್ವರ್ತಿ ಎಂಬುವರು ಪಾಲಿಯುರಿಥೇನ್ ಗಾಲಿಗಳನ್ನು ಬಳಕೆಗೆ ತಂದ ಮೇಲೆ ಈ ಆಟದ ಸ್ವರೂಪವೇ ಬದಲಾಯಿತು. ಈ ವಸ್ತು ರಬ್ಬರಿನಂತೆ ರಸ್ತೆಯನ್ನು ಹಿಡಿಯುತ್ತದೆ, ಬೇಗ ಸವೆಯುವುದಿಲ್ಲ. ಅದರ ಗಡಸುತನವನ್ನು ಷೋರ್ ಎ ಎಂಬ ಮಾನದಿಂದ ಅಳೆದು ಗಾಲಿಯ ಮೇಲೆ ಅಚ್ಚು ಹಾಕಿರುತ್ತಾರೆ. 78ರ ಆಸುಪಾಸಿನದು ಮೆದು, 99ರದು ಗಡಸು. ಮೆದುಗಾಲಿ ಸಣ್ಣ ಕಲ್ಲುಗಳನ್ನು ತನ್ನೊಳಗೆ ಒತ್ತಿಕೊಂಡು ದಾಟುತ್ತದೆ. ಗಡಸುಗಾಲಿ ನುಣುಪಾದ ಕಾಂಕ್ರೀಟಿನ ಮೇಲೆ ಚೆನ್ನಾಗಿ ಓಡಿದರೂ ಒರಟು ರಸ್ತೆಯಲ್ಲಿ ಕಾಲು ಜುಮ್ಮೆನ್ನುವಂತೆ ನಡುಗುತ್ತದೆ.

ಮೂರನೆಯದು ಬೇರಿಂಗು. ಗಾಲಿಹಲಗೆಯ ಬೇರಿಂಗಿನ ಹೊರವ್ಯಾಸ 22, ಒಳವ್ಯಾಸ 8, ದಪ್ಪ 7 ಮಿಲಿಮೀಟರು. 608 ಎಂಬ ಅಂಕೆಯಿಂದ ಇದು ಪ್ರಸಿದ್ಧ. ಅಂಗಡಿಗಳಲ್ಲಿ ಎಬೆಕ್ 5, 7, 9 ಎಂಬ ದರ್ಜೆಗಳನ್ನು ತೋರಿಸಿ ಹೆಚ್ಚಿನ ಬೆಲೆ ಹೇಳುವುದುಂಟು. ಈ ದರ್ಜೆಯು ಅಳತೆಯ ನಿಖರತೆಯನ್ನು ಸೂಚಿಸುತ್ತದೆಯೇ ಹೊರತು ವೇಗವನ್ನಲ್ಲ. ಒರಟು ರಸ್ತೆಯಲ್ಲಿ ಗಾಲಿಯ ಮೈ ಅಮುಕಿ ಏಳುವುದರಲ್ಲಿ ನಷ್ಟವಾಗುವ ಶಕ್ತಿಯ ಮುಂದೆ ಬೇರಿಂಗಿನ ಘರ್ಷಣೆ ಅತ್ಯಲ್ಪ. ಆ ಹಣವನ್ನು ಹೆಲ್ಮೆಟ್ಟಿಗೆ ಉಳಿಸಿಕೊಳ್ಳುವುದು ಮೇಲು.

ಕಡೆಯದು ಹಲಗೆ. ಸಾಮಾನ್ಯವಾಗಿ ಮೇಪಲ್ ಮರದ ಏಳು ತೆಳುಪದರಗಳನ್ನು ಅಂಟಿಸಿ ಇದನ್ನು ಮಾಡುತ್ತಾರೆ. ಹಲಗೆಯ ಬಾಗು ಅದರ ಉದ್ದದ ಘನಕ್ಕೆ ಅನುಸಾರವಾಗಿ ಹೆಚ್ಚುತ್ತದೆ, ದಪ್ಪದ ಘನಕ್ಕೆ ಅನುಸಾರವಾಗಿ ತಗ್ಗುತ್ತದೆ. ದಪ್ಪ ಎರಡರಷ್ಟಾದರೆ ಬಾಗು ಎಂಟರಲ್ಲೊಂದು ಪಾಲು. ಉದ್ದವಾದ ಹಲಗೆ ನಿಧಾನವಾಗಿ ತಿರುಗುತ್ತದೆ. ಹೊಸಬನಿಗೆ ಅದೇ ಹಿತ. ಆದರೆ ಅಂಗಡಿಯಲ್ಲಿ ಅದರ ಮೇಲೆ ನಿಂತು, ಮೆಲ್ಲನೆ ಕುಪ್ಪಳಿಸಿ, ನಡು ಹೆಚ್ಚು ಜೋಲುವುದಿಲ್ಲವೆಂದು ನೋಡಿಕೊಳ್ಳಬೇಕು. ಅಚ್ಚಿನ ಒಳಗಿರುವ ರಬ್ಬರಿನಂಥ ಬುಷ್ಷುಗಳೂ ಸವಾರನ ತೂಕಕ್ಕೆ ತಕ್ಕಂತಿರಬೇಕು. ಬಹಳ ಸಡಿಲವಾಗಿದ್ದರೆ ವೇಗ ಏರಿದಾಗ ಹಲಗೆ ಎಡಬಲಕ್ಕೆ ಒದ್ದಾಡತೊಡಗುತ್ತದೆ.

ನಾಲ್ಕು ಊರು, ನಾಲ್ಕು ಹಲಗೆ

ಮಣಿಕಟ್ಟಿನ ಸುದ್ದಿ ಹಬ್ಬಿದ ಮೇಲೆ ನಾಲ್ಕೂ ಊರುಗಳ ವಿದ್ಯಾರ್ಥಿಗಳು ಬಂದು, ತಮಗೆ ಯಾವ ಹಲಗೆ ತಕ್ಕುದೆಂದು ಕೇಳಿದರು. ನಾವು ಕೊಟ್ಟ ಉತ್ತರಗಳನ್ನು ಇಲ್ಲಿ ಹೇಳುವುದರಿಂದ ಇತರರಿಗೂ ಪ್ರಯೋಜನವಾದೀತು.

ಜಗಳೂರಿನ ಹುಡುಗನದು ಬಯಲುಸೀಮೆ. ಮಳೆ ಕಡಿಮೆ, ಗಾಳಿ ಹೆಚ್ಚು, ಅವನ ಮನೆಯ ಸುತ್ತ ಇಳಿಜಾರೇ ಇಲ್ಲ. ಇಂಥಲ್ಲಿ ಆರು ಗಾಲಿಗಳ ಹಲಗೆಗೆ ಕೆಲಸವಿಲ್ಲ. ಅದು ಇಳಿಜಾರಿನ ಶಕ್ತಿಯಿಂದ ಬದುಕತಕ್ಕದ್ದು. ಅವನಿಗೆ ಉದ್ದವಾದ ಹಲಗೆ, 70 ಮಿಲಿಮೀಟರಿನ ಮೆದುಗಾಲಿಗಳು ಸಾಕು. ಹೊಸಬನಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆಯಿಲ್ಲ.

ಹೊನ್ನಾಳಿಯ ಹುಡುಗಿಗೆ ಕಸರತ್ತಿನ ಆಸೆಯಿಲ್ಲ. ಕಾಂಕ್ರೀಟಿನ ಬೀದಿಯಲ್ಲಿ ಸಂಜೆಯ ಹೊತ್ತು ನಾಲ್ಕು ಸುತ್ತು ಹಾಕಿದರೆ ತೃಪ್ತಿ. ತುಂಗಭದ್ರೆಯ ದಡದ ಊರಾದುದರಿಂದ ಬೀದಿಯಲ್ಲಿ ಮರಳು ಚೆಲ್ಲಿರುವುದುಂಟು. ಮರಳಿನ ಮೇಲೆ ಗಾಲಿಯ ಹಿಡಿತ ತಪ್ಪುತ್ತದೆ. ಕಾಂಕ್ರೀಟಿನ ತುಂಡುಗಳ ನಡುವಿನ ಸಂದುಗಳು ಸಣ್ಣ ಗಾಲಿಗಳಿಗೆ ಶತ್ರುಗಳು. ಅವಳಿಗೂ ದೊಡ್ಡ ಮೆದುಗಾಲಿ, ಆದರೆ ತಿರುಗಿಸಲು ಹಗುರವಾಗುವಂತೆ ಸ್ವಲ್ಪ ಮೊಟಕಾದ ಹಲಗೆ.

ನ್ಯಾಮತಿಯ ಹುಡುಗನು ಎರಡು ವರ್ಷ ಆಡಿದವನು. ಹಿಂದೆ ಹೊನ್ನಾಳಿಗೆ ಸೇರಿದ್ದು ಈಚೆಗೆ ಬೇರೆ ತಾಲ್ಲೂಕಾದ ಆ ಊರಿನಲ್ಲಿ ಅವನು ಆರಿಸಿಕೊಂಡಿರುವ ರಸ್ತೆ ಸುಮಾರು 20ಕ್ಕೆ 1ರಂತೆ ಇಳಿಯುತ್ತದೆ. ನಾಲ್ಕು ಗಾಲಿಗಳ ಹಲಗೆಯೇ ಇರಲಿ, ಆದರೆ ಕಾಲಿನ ಬ್ರೇಕಿನಿಂದ ಎಷ್ಟು ಮೀಟರಿನಲ್ಲಿ ನಿಲ್ಲುತ್ತೀಯೆಂದು ಸುಣ್ಣದ ಗೆರೆ ಹಾಕಿ ಅಳೆದು ತಾ ಎಂದೆವು. ಸಮನೆಲದಲ್ಲಿ 10 ಮೀಟರಿನೊಳಗೆ ನಿಲ್ಲಲಾರದವನು ಇಳಿಜಾರನ್ನು ಹತ್ತಬಾರದು.

ಇನ್ನು ಚನ್ನಗಿರಿ. ಕೋಟೆಯ ಗುಡ್ಡದ ಊರು. ಅಲ್ಲಿ ಇಳಿಜಾರಿಗೆ ಬರವಿಲ್ಲ. ಪ್ಲಾಸ್ಟರು ಬಿಚ್ಚಿದ ನಮ್ಮ ವಿದ್ಯಾರ್ಥಿಗೆ ಫ್ರೀಬೋರ್ಡಿನ ಮೇಲೆ ಮನಸ್ಸು. ಅದು ಅವನ ಊರಿಗೆ ತಕ್ಕುದೇ, ಆದರೆ ಅವನಿಗಿನ್ನೂ ತಕ್ಕುದಲ್ಲ. ಚನ್ನಗಿರಿಯ ಸೀಮೆ ಅಡಿಕೆಗೆ ಪ್ರಸಿದ್ಧ; ಅಡಿಕೆ ಒಣಗಿಸುವ ಸಿಮೆಂಟಿನ ಅಂಗಳಗಳು ಕೊಯ್ಲಿಲ್ಲದ ತಿಂಗಳುಗಳಲ್ಲಿ ಬರಿದಾಗಿರುತ್ತವೆ. ಒಡೆಯರ ಅನುಮತಿ ಪಡೆದು ಅಂಥ ಅಂಗಳದಲ್ಲಿ ಮೊದಲು ಕಾಲಿನ ಬ್ರೇಕನ್ನು ಪೂರ್ತಿ ಕಲಿಯುವುದು. ಅನಂತರ ಅರ್ಧ ಮೀಟರಿನ ಇಳಿಜಾರಿನಲ್ಲಿ ಆರು ಗಾಲಿಗಳ ಹಲಗೆಯನ್ನು ಅಡ್ಡಲಾಗಿ ಹಿಡಿದು ಮೇಲಂಚನ್ನು ಒತ್ತುವ ಅಭ್ಯಾಸ. ಅದು ಕೈವಶವಾದ ಮೇಲೆಯೇ ಹೆಚ್ಚಿನ ಎತ್ತರ. ಹಲಗೆ ಸುಮಾರು 80 ಸೆಂಟಿಮೀಟರು ಉದ್ದದ್ದಿರಲಿ, ಗಾಲಿಗಳ ಅಂತರ ಮೊದಲಿಗೆ ಕೊಂಚ ಹೆಚ್ಚಾಗಿಯೇ ಇರಲಿ ಎಂದೆವು.

ನಾಲ್ವರಿಗೂ ಸಮಾನವಾಗಿ ಹೇಳಿದ ಮಾತುಗಳು ಮೂರು. ವಾಹನಗಳು ಓಡಾಡುವ ರಸ್ತೆಯಲ್ಲಿ ಆಡಕೂಡದು. ಸುಗ್ಗಿಯ ಕಾಲದಲ್ಲಿ ರಸ್ತೆಯ ಮೇಲೆ ಹರವಿದ ಮೆಕ್ಕೆಜೋಳದ ಬಳಿ ಸುಳಿಯಕೂಡದು. ಒಂದೊಂದು ಕಾಳೂ ಒಂದೊಂದು ಬೇರಿಂಗ್ ಗುಂಡಿನಂತೆ ಉರುಳುತ್ತದೆ. ಹೆಲ್ಮೆಟ್ಟೂ ಮಣಿಕಟ್ಟಿನ ಕವಚವೂ ಇಲ್ಲದೆ ಹಲಗೆ ಹತ್ತಕೂಡದು. ಬೀಳುವವನು ತನಗರಿವಿಲ್ಲದೆಯೇ ಅಂಗೈಯನ್ನು ಮುಂದೆ ಚಾಚುತ್ತಾನೆ. ಆಗ ಭಾರವೆಲ್ಲ ಮಣಿಕಟ್ಟಿನ ಬಳಿ ಮುಂಗೈ ಮೂಳೆಯ ತುದಿಗೆ ಬೀಳುತ್ತದೆ. ಡಬ್ಲಿನ್ನಿನ ವೈದ್ಯ ಅಬ್ರಹಾಂ ಕಾಲಿಸ್ 1814ರಲ್ಲಿಯೇ ವರ್ಣಿಸಿದ ಮುರಿತವು ಈ ಜಾಗದ್ದೇ.

ಮೊನ್ನೆ ಭಾನುವಾರ ನಾವು ಚನ್ನಗಿರಿಗೆ ಹೋಗಿದ್ದೆವು. ಬರಿದಾದ ಅಡಿಕೆಯ ಅಂಗಳದ ಒಂದು ತುದಿಯಲ್ಲಿ ಆ ವಿದ್ಯಾರ್ಥಿಯೂ ಅವನ ತಂಗಿಯೂ ನೀರಿನ ಪೈಪು ಹಿಡಿದು ನಿಂತಿದ್ದರು. ಪಕ್ಕದ ಇಳಿಜಾರಿನಲ್ಲಿ ಇಟ್ಟಿಗೆಯ ಚೂರಿನಿಂದ ಗೆರೆ ಎಳೆದು, “ಸಾರ್, ಇಲ್ಲಿಗೆ ನಲವತ್ತೈದು ಸೆಂಟಿಮೀಟರು. ಇದರ ಮೇಲಿನಿಂದ ಇನ್ನೂ ಬಿಡುವುದಿಲ್ಲ” ಎಂದನು. ಪ್ರಾಯೋಗಿಕ ಪರೀಕ್ಷೆ ಅವನಿಗೆ ಮುಂದಿನ ಸಲ ಇದೆ. ಅಂದು ನಾವು ಕಂಡದ್ದಕ್ಕೆ ಅಂಕ ಕೊಡಲು ನಿಯಮದಲ್ಲಿ ಅವಕಾಶವಿಲ್ಲವಲ್ಲ ಎಂದು ಮಾತ್ರ ನಮಗೆ ವ್ಯಥೆಯಾಯಿತು.